ಮಡಿಸದ ಅಂಚು

ಹೊಸದುರ್ಗದಿಂದ ಹೊಳಲ್ಕೆರೆಗೆ ಬರುತ್ತಿದ್ದ ಬಸ್ಸು ಕಳೆದ ವಾರ ನಡುದಾರಿಯಲ್ಲಿ ನಿಂತುಬಿಟ್ಟಿತು. ರಸ್ತೆಯ ಅರ್ಧಕ್ಕೆ ಯಾರೋ ಮೆಕ್ಕೆಜೋಳ ಹರವಿದ್ದರು, ಉಳಿದರ್ಧದಲ್ಲಿ ಎದುರಿಗೊಂದು ಲಾರಿ ಬಂದು ನಿಂತಿತ್ತು. ನಮ್ಮ ಡ್ರೈವರ್ ಬೈಯಲೆಂದೇ ಕೆಳಗಿಳಿದ. ಪಕ್ಕದ ಹೊಲದಲ್ಲಿ ಒಕ್ಕಣೆ ನಡೆದಿತ್ತು. ಕಿಟಕಿಯಿಂದ ಅದರ ಧೂಳು ಒಳಗೆ ನುಗ್ಗಿತು. ಒಣಗಿದ ತೆನೆಯ ಸಿಪ್ಪೆ, ಬಿಸಿ ಡೀಸೆಲ್, ಉಜ್ಜಿ ಕಾದ ಬೆಲ್ಟಿನ ರಬ್ಬರು, ಎಲ್ಲ ಸೇರಿದ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗು ಮೂಗಿಗೆ ಹಿಡಿದಳು. ನಾನು ಕತ್ತು ಹೊರಗೆ ಹಾಕಿ ನೋಡಿದೆ. ಟ್ರ್ಯಾಕ್ಟರಿಗೂ ಮಷೀನಿಗೂ ನಡುವೆ ತಿರುಗುವ ಶಾಫ್ಟಿನ ಮೇಲೆ ಕವರ್ ಇದೆಯೋ ಇಲ್ಲವೋ, ನನಗೆ ಬೇಕಾಗಿದ್ದದ್ದು ಅಷ್ಟೇ.

ಇರಲಿಲ್ಲ. ಬೋಳು ಶಾಫ್ಟ್ ತಿರುಗುತ್ತಿತ್ತು, ಅದರ ಪಕ್ಕದಲ್ಲೇ ಮೂವರು ಹೆಂಗಸರು ಪುಟ್ಟಿ ಹೊತ್ತು ಓಡಾಡುತ್ತಿದ್ದರು. "ಎಂಥ ಜನ ಇವರು" ಅಂದುಬಿಟ್ಟೆ, ಜೋರಾಗಿಯೇ. ಪಕ್ಕದವಳು ಲಾರಿಯವನಿಗೆ ಅಂದೆ ಎಂದುಕೊಂಡು, "ಹೂಂ ನೋಡ್ರಿ, ಒಂಚೂರು ಹಿಂದಕ್ಕೆ ತಗಂಡ್ರೆ ಅವನ ಗಂಟೇನು ಹೋಗ್ತೈತೆ" ಅಂದಳು. ನಾನು ಇಳಿಯಬೇಕು ಎಂದುಕೊಳ್ಳುವಷ್ಟರಲ್ಲಿ ಬಸ್ಸು ಹೊರಟಿತು. 

ಹೊಲ ಕಂಡರೆ ಬೇರೆಯವರು ಬೆಳೆ ಹೇಗೆ ಬಂದಿದೆ ಅಂತ ನೋಡುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಶಾಫ್ಟಿಗೆ. ಒಂದು ಸುಗ್ಗಿಯಲ್ಲಿ ಹತ್ತಿಕೊಂಡ ಹೆದರಿಕೆ, ಇನ್ನೂ ಬಿಟ್ಟು ಹೋಗಿಲ್ಲ.

ಚಿತ್ರದುರ್ಗದಲ್ಲಿ ನಮ್ಮದು ಹಳೇ ಮನೆತನ. ಮುತ್ತಜ್ಜಂದಿರು ಕೋಟೆಯವರಿಗೆ ಕತ್ತಿ ಸಾಣೆ ಹಿಡಿದು ಕೊಡುತ್ತಿದ್ದರಂತೆ. ಅಬ್ಬ, ಅಂದರೆ ನನ್ನ ತಂದೆ, ಗಿರಾಕಿಗಳ ಮುಂದೆ ಈ ಕಥೆ ಹೇಳುವಾಗ ಗಿರಾಕಿ ದೊಡ್ಡವನಾದಷ್ಟೂ ಕತ್ತಿ ಹೋಗಿ ಫಿರಂಗಿ ಆಗುತ್ತಿತ್ತು. ನಮ್ಮ ಕಾಲಕ್ಕೆ ಉಳಿದದ್ದು ಹೊಳಲ್ಕೆರೆ ರಸ್ತೆಯ ಬದಿಗೆ ಒಂದು ತಗಡಿನ ಶೆಡ್ಡು, ಎರಡು ಲೇಥು, ಕೆಲವು ವೆಲ್ಡಿಂಗ್ ಸೆಟ್ಟು. ಅಲ್ಲಿ ಅಬ್ಬ ಮೆಕ್ಕೆಜೋಳ ಒಕ್ಕುವ ಮಷೀನ್ ಮಾಡುತ್ತಿದ್ದರು. ನಾನು ಅದೇ ತಾನೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದೆ. ಕೆಲಸ ಸಿಗುವವರೆಗೆ ಮನೆಯಲ್ಲಿ ಕೂತು ಅಮ್ಮಿಯ ತಲೆ ತಿನ್ನುವ ಬದಲು ವರ್ಕ್‌ಶಾಪಿಗೆ ಬಂದು ನನ್ನ ತಲೆ ತಿನ್ನು ಅಂತ ಅಬ್ಬನೇ ಕರೆದರು. ನಮ್ಮಿಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ ಉರ್ದು, ಶೆಡ್ಡಿಗೆ ಕಾಲಿಟ್ಟರೆ ಕನ್ನಡ, ಜಗಳ ಎರಡರಲ್ಲೂ.

ಈ ಮಷೀನ್ ನೋಡದವರಿಗೆ ಎರಡು ಮಾತು ಹೇಳಬೇಕು. ಟ್ರ್ಯಾಕ್ಟರಿನ ಬೆನ್ನಿಗೆ ಮಷೀನ್ ನಿಲ್ಲಿಸಿ, ಎರಡರ ನಡುವೆ ಒಂದು ಕಬ್ಬಿಣದ ಶಾಫ್ಟ್ ಸಿಕ್ಕಿಸುತ್ತಾರೆ. ಟ್ರ್ಯಾಕ್ಟರ್ ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟ್ ಮಷೀನನ್ನು ತಿರುಗಿಸುತ್ತದೆ. ಹೆಂಗಸರು ಪುಟ್ಟಿಯಲ್ಲಿ ತೆನೆ ತಂದು ಮಷೀನಿನ ಬಾಯಿಗೆ ಸುರಿದರೆ ಒಂದು ಕಡೆ ಕಾಳು, ಇನ್ನೊಂದು ಕಡೆ ಕಾಳು ಬಿಟ್ಟ ಬೆಂಡು. ಶಾಫ್ಟ್ ಇರುವುದು ಮೊಣಕಾಲಿನ ಎತ್ತರದಲ್ಲಿ. ತೆನೆಯ ರಾಶಿ ಒಂದು ಕಡೆ, ಚೀಲ ಇನ್ನೊಂದು ಕಡೆ ಇದ್ದರೆ ಟ್ರ್ಯಾಕ್ಟರ್ ಸುತ್ತಿ ಬರುವ ತಾಳ್ಮೆ ಯಾರಿಗೂ ಇರುವುದಿಲ್ಲ, ಅದನ್ನು ದಾಟಿಕೊಂಡೇ ಓಡಾಡುತ್ತಾರೆ. ಸೆರಗು, ಜಡೆ, ತೋಳು, ಏನು ತಾಗಿದರೂ ಅದು ಸುತ್ತಿಕೊಳ್ಳುತ್ತದೆ, ಸುತ್ತಿಕೊಂಡದ್ದನ್ನು ಬಿಡುವುದಿಲ್ಲ.

ಇಷ್ಟು ವರ್ಷ ಅಬ್ಬನ ಮಷೀನುಗಳು ಶಾಫ್ಟಿಗೆ ಯಾವ ಮುಚ್ಚಳವೂ ಇಲ್ಲದೆ ಹೋಗುತ್ತಿದ್ದವು ಎಂದು ತಿಳಿದಾಗ ನಾನು ದಂಗಾದೆ. ಚಿಕ್ಕವಳಿದ್ದಾಗಿನಿಂದ ಆ ಶೆಡ್ಡಿನಲ್ಲಿ ಆಡಿದ್ದೇನೆ, ಒಮ್ಮೆಯೂ ಕಂಡಿರಲಿಲ್ಲ.

"ಯಾರಿಗೂ ಏನೂ ಆಗಿಲ್ವಾ ಅಬ್ಬ?"

"ನನ್ನ ಹತ್ರ ಬಂದು ಯಾರೂ ಹೇಳಿಲ್ಲ" ಅಂದರು.

ಸುಳ್ಳು ಹೇಳಿದ್ದರೆ ಬೈಯಬಹುದಿತ್ತು. ಅವರು ನಿಜವನ್ನೇ ಹೇಳಿದ್ದರು, ಅದೂ ಚಹಾ ಆರಿಸಿಕೊಳ್ಳುತ್ತಾ. ನಾನು ಅವತ್ತೇ ಕೂತು ಒಂದು ಕವರಿನ ನಕ್ಷೆ ಬರೆದೆ. ಪೈಪನ್ನು ಉದ್ದಕ್ಕೆ ಸೀಳಿದ ಹಾಗೆ ಅರ್ಧ ದುಂಡನೆಯ ತಗಡು, ಒಂದಡಿ ಅಗಲ, ಎರಡು ಮೊಳ ಉದ್ದ, ಶಾಫ್ಟಿನ ಮೇಲೆ ಬೋರಲು ಹಾಕಿ ಮಷೀನಿನ ಫ್ರೇಮಿಗೆ ಬೋಲ್ಟ್ ಮಾಡಬೇಕು. ತಗಡಿನ ಎರಡೂ ಅಂಚನ್ನು ಒಳಕ್ಕೆ ಮಡಿಸಿ ಬಡಿಯಬೇಕು, ಇಲ್ಲದಿದ್ದರೆ ಕತ್ತರಿಸಿದ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ದೂರದಿಂದಲೇ ಕಾಣಲಿ ಎಂದು ಅರಿಶಿನ ಬಣ್ಣ.

ಅಬ್ಬ ಅದನ್ನು ಕನ್ನಡಕದ ಮೇಲಿಂದ ನೋಡಿದರು. "ಚೆನ್ನಾಗೈತೆ. ಆದ್ರೆ ಊರಿನ ಆ ತುದಿಯ ವರ್ಕ್‌ಶಾಪಿನೋನು ಇದಿಲ್ದೆ ಮಾರ್ತಾನೆ. ನನ್ನ ಮಷೀನ್ ರೇಟು ಹೆಚ್ಚಾದ್ರೆ ಇಲ್ಲಿ ಯಾರು ಬರ್ತಾರೆ? ಇಲ್ಲಿರೋ ಹುಡುಗರ ಪಗಾರ ನೀನು ಕೊಡ್ತೀಯಾ?"

"ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ? ಅವನ ಮಷೀನ್ ಒಂದು ಸುಗ್ಗಿ ಓಡಿದ್ರೆ ಹೆಚ್ಚು. ರಿಪೇರಿಗೆ ನಿಮ್ಮ ಹತ್ರಾನೇ ಬರ್ತಾರೆ."

"ಬಂದಾಗ ಕವರ್ ಹಾಕಿ ಕೊಡಾಣ ಬಿಡು."

ಮೂರು ದಿನ ಮಾತು ಬಿಟ್ಟೆವು. ಅಮ್ಮಿ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಊಟ ಬಡಿಸಿ ಸುಸ್ತಾದಳು. ಕೊನೆಗೆ ಅಬ್ಬ ಒಪ್ಪಿದರು. ಆದರೆ ಅವರು ಒಪ್ಪಿದ ರೀತಿ ಕೇಳಿ. ದಸರಾಕ್ಕೆ ಮಷೀನ್ ಬೇಕೆಂದವರು ಸಾಲಾಗಿ ನಿಂತಿದ್ದರು, ಪುರುಸೊತ್ತಿರಲಿಲ್ಲ. ಕವರ್ ಮಾಡುವುದು, ಆದರೆ ಕೂರಿಸುವುದಿಲ್ಲ. ಮಷೀನಿನ ನೆತ್ತಿಯ ಮೇಲೆ ತಂತಿಯಲ್ಲಿ ಬಿಗಿದು ಕಳಿಸುವುದು. ಬೋಲ್ಟುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟುವುದು. ಬೇಕಾದವನು ಹಾಕಿಕೊಳ್ಳಲಿ. ಇನ್ನು ಅಂಚು ಮಡಿಸುವುದು ದಂಡದ ಕೆಲಸ. "ಮಷೀನ್ ಮೇಲೆ ಕೂರೋ ತಗಡನ್ನ ಯಾರು ಸವರ್ತಾರೆ?" ಅಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಂಚಿನ ಮಾತು ನನಗೂ ಸರಿ ಅನ್ನಿಸಿತು. ನಿಜಕ್ಕೂ ಯಾರು ಸವರುತ್ತಾರೆ?

ಮೊದಲ ಕವರ್ ಹೋದದ್ದು ತಿಪ್ಪೇಸ್ವಾಮಿಯ ಮಷೀನಿನ ಜೊತೆ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಕಡೆಯವನು, ಮಾತಿಗೊಮ್ಮೆ ನಗುವ ದುಂಡು ಮನುಷ್ಯ. ಸ್ವಂತ ಟ್ರ್ಯಾಕ್ಟರ್ ಇತ್ತು. ಮಷೀನ್ ಒಂದು ಕೊಂಡು ತನ್ನೂರಿನ ಹೆಂಗಸರನ್ನೇ ಗುಂಪು ಕಟ್ಟಿಕೊಂಡು, ಸುಗ್ಗಿ ಪೂರ್ತಿ ಊರೂರು ತಿರುಗುವುದು ಅವನ ಲೆಕ್ಕ. ಮೊದಲು ಹೊಳಲ್ಕೆರೆ, ಬಿ.ದುರ್ಗ, ಆಮೇಲೆ ಬಾಗೂರಿನ ಕಡೆ. ಆಯುಧಪೂಜೆಯ ದಿನವೇ ಮಷೀನ್ ಒಯ್ಯಲು ಬಂದ. ನಮ್ಮ ಶೆಡ್ಡಿನಲ್ಲಿ ಪೂಜೆ ಗಿರಾಕಿಗಳದು, ಸಾಮಾನು ಅಬ್ಬನದು. ಕುಂಬಳಕಾಯಿ, ನಿಂಬೆಹಣ್ಣು ತರಲು ಗಿರಾಕಿಗಳು ಮರೆಯುತ್ತಾರೆ ಎಂದು ಅಬ್ಬ ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ ತಾವೇ ತಂದಿಟ್ಟಿರುತ್ತಿದ್ದರು. ಅವತ್ತೂ ತಂದಿದ್ದರು. ಮಷೀನಿಗೆ ಹಾರ ಬಿತ್ತು, ನೆತ್ತಿಯ ಮೇಲೆ ಕಟ್ಟಿದ್ದ ಕವರಿಗೂ ಮೂರು ಬೆರಳ ವಿಭೂತಿ ಬಿತ್ತು.

"ಇದೇನ್ ಸಾಹೇಬ್ರೆ, ದೋಣಿ ಇದ್ದಂಗೈತೆ?" ಅಂದ ತಿಪ್ಪೇಸ್ವಾಮಿ.

"ಮಗಳು ಮಾಡ್ಸಿದ್ದು. ಶಾಫ್ಟಿನ ಮೇಲೆ ಹಾಕ್ಕಳಪ್ಪ, ಒಳ್ಳೇದು."

"ಹಾಕ್ಕಂತೀನಿ ಬಿಡ್ರಿ" ಎಂದು ಕುಂಬಳಕಾಯಿ ಒಡೆದು ಹೊರಟ. ನಾನು ಗೇಟಿನ ತನಕ ಹೋಗಿ ನೋಡಿದೆ. ಹಳದಿ ಕವರ್ ಮಷೀನಿನ ಮೇಲೆ ಹೊಳೆಯುತ್ತಾ ಹೋಯಿತು. ಗೆದ್ದೆ ಅನ್ನಿಸಿತು.

ಆ ವರ್ಷ ಮಳೆ ತಡವಾಗಿ ಬಿಟ್ಟಿತ್ತು. ತೆನೆ ಪೂರಾ ಒಣಗದೆ, ಮಷೀನಿಗೆ ಹಾಕಿದರೆ ಕಾಳು ಒಡೆಯುತ್ತಿತ್ತು. ದೀಪಾವಳಿ ಕಳೆದ ಮೇಲೆ ಎಲ್ಲ ಕಡೆಯಿಂದ ಅದೇ ದೂರು. ತಿಪ್ಪೇಸ್ವಾಮಿಯೂ ಫೋನ್ ಮಾಡಿದ. ಜರಡಿ ಬದಲಿಸಲು ಒಬ್ಬ ಫಿಟ್ಟರ್‌ನನ್ನು ಕಳಿಸುವಾಗ ನಾನೂ ಗಾಡಿ ಹತ್ತಿದೆ. ಬಿ.ದುರ್ಗದ ಹತ್ತಿರ ಒಂದು ದೊಡ್ಡ ಬಯಲು ಹೊಲ. ಸುತ್ತ ಎಲ್ಲೂ ಮರವಿಲ್ಲ, ಬದುವಿನ ಮೇಲೆ ಜಾಲಿ ಮುಳ್ಳು ಮಾತ್ರ. ಮಷೀನ್ ಭೋರ್ ಎಂದು ಓಡುತ್ತಿತ್ತು. ಶಾಫ್ಟ್ ಬೋಳಾಗಿತ್ತು.

 ಮಷೀನ್ ನಿಲ್ಲಿಸಿ ಫಿಟ್ಟರ್ ಜರಡಿ ಬಿಚ್ಚುವಷ್ಟರಲ್ಲಿ ತಿಪ್ಪೇಸ್ವಾಮಿಯನ್ನು ಹಿಡಿದೆ. "ಕವರ್ ಎಲ್ಲಿ?"

"ಐತಲ್ಲ ಮೇಡಮ್ಮೋರೆ, ಎಲ್ಲಿಗೋಗ್ತೈತೆ? ದಿನಾ ಬೆಳಗ್ಗೆ ಗ್ರೀಸ್ ಹಾಕಾಕೆ ಬಿಚ್ಬೇಕು, ತಿರುಗಿ ಬೋಲ್ಟ್ ಹಾಕ್ಬೇಕು. ರೈತ್ರು ತಲೆ ಮ್ಯಾಲೆ ನಿಂತಿರ್ತಾರೆ, ಪುರುಸೊತ್ತೆಲ್ಲೈತೆ? ಅಲ್ನೋಡ್ರಿ, ಕೆಲಸಕ್ಕೆ ಬಂದೈತೆ."

ಅವನು ಕೈ ತೋರಿಸಿದ ಕಡೆ ನೋಡಿದೆ. ತುಂಬಿದ ಚೀಲಗಳನ್ನು ಗೋಡೆಯ ಹಾಗೆ ಒಟ್ಟಿದ್ದರು. ಅದರ ನೆರಳಿನಲ್ಲಿ ನನ್ನ ಹಳದಿ ಕವರ್ ಅಂಗಾತ ಬಿದ್ದಿತ್ತು. ಎರಡೂ ತುದಿಗೆ ಗೋಣಿಚೀಲ ತುರುಕಿದ್ದರು. ಒಳಗೆ ಹಳೇ ಸೀರೆ ಹಾಸಿ, ಇನ್ನೂ ಹಲ್ಲು ಬಂದಿರದ ಒಂದು ಕೂಸು ಮಲಗಿತ್ತು. ಕೈ ಎರಡೂ ತಲೆಯ ಮೇಲೆತ್ತಿಕೊಂಡು, ಬಾಯಿ ತೆರೆದು, ಆ ಗದ್ದಲದಲ್ಲಿ ಒಳ್ಳೇ ನಿದ್ದೆ.

 ಶಾಫ್ಟನ್ನು ಮುಚ್ಚಲೆಂದು ನಾನು ಅಳತೆ ತೆಗೆದು ಬರೆದ ತಗಡು ಅದು. ತೊಟ್ಟಿಲಿಗೆ ಅದಕ್ಕಿಂತ ಸರಿಯಾದ ಅಳತೆ ಇರಲಾರದು ಅನ್ನುವ ಹಾಗೆ ಕೂಸು ಅದರಲ್ಲಿ ಹಿಡಿಸಿತ್ತು.

ಅಷ್ಟರಲ್ಲಿ ಕೂಸಿನ ತಾಯಿ ಬಂದಳು. ಹೆಸರು ಮಂಜುಳ. ಸಣ್ಣ ಮೈ, ಚುರುಕು ಮಾತು, ತಲೆಯೆಲ್ಲ ಜೋಳದ ಸಿಪ್ಪೆ. "ಜೋಲಿ ಕಟ್ಟಾಣ ಅಂದ್ರೆ ಈ ಹೊಲದಾಗೆ ಒಂದು ಕೊಂಬೆ ಇಲ್ಲಕ್ಕ. ನೆಲದ ಮ್ಯಾಲೆ ಹಾಕಿದ್ರೆ ಕಟ್ಟಿರುವೆ ಕಿವಿಯಾಗೆ ಹೋಗಿತ್ತು, ಕಿರುಚಿ ಕಿರುಚಿ ನೀಲಿ ಆಗಿತ್ತು. ಆಮ್ಯಾಲೆ ತಿಪ್ಪಣ್ಣನೇ ಇದನ್ನ ಕೊಟ್ಟಿದ್ದು. ಪುಣ್ಯಾತ್ಮರು ಯಾರು ಮಾಡಿದ್ರೋ."

"ನಾನೇ ಮಾಡಿದ್ದು" ಅಂದೆ.

"ಹೌದಾ?" ಎಂದು ನನ್ನ ಮುಖ ನೋಡಿ ನಕ್ಕಳು. "ಹಂಗಾದ್ರೆ ಒಂದ್ ಮಾತು ಹೇಳ್ಲಾ? ಅಂಚು ಕೊಯ್ತೈತಕ್ಕ. ಕೂಸಿನ ಕಾಲು ಗೀರಿ ರಕ್ತ ಬಂದಿತ್ತು. ಅದಕ್ಕೇ ನನ್ ಶರ್ಟ್ ಸುತ್ತಿದೀನಿ ನೋಡ್ರಿ."

ಒಕ್ಕಣೆಗೆ ಬರುವ ಹೆಂಗಸರೆಲ್ಲ ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಶರ್ಟ್ ಹಾಕುತ್ತಾರೆ. ಧೂಳಿನ ತುರಿಕೆಗೆ ಅದೇ ಮದ್ದು. ಸೆರಗು ಒಳಗೆ ಉಳಿಯುತ್ತದೆ, ಹಾರುವುದಿಲ್ಲ. ಅಲ್ಲಿದ್ದವರಲ್ಲಿ ಶರ್ಟಿಲ್ಲದವಳು ಮಂಜುಳ ಒಬ್ಬಳೇ. ಅವಳ ನೀಲಿ ಗೀಟಿನ ಶರ್ಟ್ ತಗಡಿನ ಎರಡೂ ಅಂಚನ್ನು ಅಪ್ಪಿಕೊಂಡು, ತೋಳುಗಳನ್ನು ಅಡಿಗೆ ಎಳೆದು ಗಂಟು ಹಾಕಿಸಿಕೊಂಡಿತ್ತು. ಅವಳು ಸೆರಗನ್ನು ಸುತ್ತಿ ಸೊಂಟಕ್ಕೆ ಸಿಗಿಸಿದ್ದಳು. ಬಗ್ಗಿ ಎದ್ದಾಗಲೆಲ್ಲ ಅದು ಕಳಚುತ್ತಿತ್ತು, ಮತ್ತೆ ಸಿಗಿಸುತ್ತಿದ್ದಳು.

ತಿಪ್ಪೇಸ್ವಾಮಿ ತಲೆ ಕೆರೆದುಕೊಂಡ. "ಈಗ್ಲೇ ಹಾಕು ಅಂದ್ರೆ ಹಾಕ್ತೀನಿ ಮೇಡಮ್ಮೋರೆ. ಬೋಲ್ಟು ಎಲ್ಲೋ ಅವೆ, ಹುಡುಕ್ಬೇಕು. ಕೂಸನ್ನ ಎಬ್ಬಿಸ್ಲಾ?"

"ಬ್ಯಾಡಕ್ಕ" ಅಂದಳು ಮಂಜುಳ, ಮೆತ್ತಗೆ. "ಈಗ ಮಲಗೈತೆ."

 ಎಬ್ಬಿಸುವುದು ಬೇಡ ಅಂದೆ. ಇನ್ನೊಂದು ಕವರ್ ಮಾಡಿಸಿ ಕಳಿಸುತ್ತೇನೆ, ಅಲ್ಲಿವರೆಗೆ ಯಾರೂ ಶಾಫ್ಟ್ ದಾಟಬೇಡಿ, ಸುತ್ತಿಕೊಂಡು ಓಡಾಡಿ ಎಂದು ಎಲ್ಲರಿಗೂ ಹೇಳಿದೆ. ಹೂಂ ಹೂಂ ಅಂದರು. ಮಷೀನ್ ಮತ್ತೆ ಶುರುವಾದಾಗ ನನ್ನ ದುಪಟ್ಟ ಗಾಳಿಗೆ ಎದ್ದಿತು. ಮಂಜುಳ ತಲೆಯ ಮೇಲಿನ ಪುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ನನ್ನನ್ನು ಹಿಂದಕ್ಕೆ ಎಳೆದಳು. "ದುಪಟ್ಟ ಕಟ್ಕಳ್ರಕ್ಕ, ಶಾಫ್ಟು ಹೇಳಿ ಕೇಳಿ ಎಳ್ಕಳಾದಲ್ಲ."

ಮನೆಗೆ ಬಂದು ಅಬ್ಬನಿಗೆ ಹೇಳಿದೆ. ಅವರು ಮೊದಲು ನಕ್ಕರು. "ಒಂದು ಮಷೀನಿಗೆ ಎರಡು ಕವರ್ ಯಾರು ಕೊಡ್ತಾರೆ?" ಅಂದರು. ಆಮೇಲೆ ಕೂಸು ಎಷ್ಟು ದೊಡ್ಡದು ಎಂದು ಕೇಳಿದರು. ಹೆಣ್ಣೋ ಗಂಡೋ ಎಂದು ಕೇಳಿದರು. ಹೆಣ್ಣು ಅಂದೆ. ಮಾರನೆಯ ದಿನ ನಾನು ಜ್ಞಾಪಿಸುವ ಮೊದಲೇ ಅವರೇ ತಗಡು ಕತ್ತರಿಸಲು ಹೇಳಿದ್ದರು. ಅಷ್ಟು ಸುಲಭವಾಗಿ ಒಪ್ಪಿದ್ದು ಕಂಡು ನನಗೆ ಜಗಳಕ್ಕೆ ಏನೂ ಉಳಿಯಲಿಲ್ಲ. ಬೇರೆ ಕೆಲಸದ ನಡುವೆ ಅದು ಮುಗಿಯುವ ಹೊತ್ತಿಗೆ ಆ ವಾರ ಕಳೆಯಿತು. ಹಳದಿ ಬಣ್ಣ ಹೊಡೆದು ಅಂಗಳದಲ್ಲಿ ಒಣಗಲು ಇಟ್ಟೆವು. ಬೆಳಗ್ಗೆ ಕಳಿಸುವುದೆಂದು ಮಾತಾಗಿತ್ತು.

ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು, ತಿಪ್ಪೇಸ್ವಾಮಿಯೇ ಬೈಕಿನಲ್ಲಿ ಬಂದ. ಕವರ್ ಒಯ್ಯಲು ಬಂದಿದ್ದಾನೆ ಎಂದು ಅಬ್ಬ ಅಂದುಕೊಂಡರು.

"ಬಾರಪ್ಪ, ಕುಂತ್ಕ. ನಿನ್ನ ದೋಣಿ ರೆಡಿ ಐತೆ."

ಅವನು ಕೂರಲಿಲ್ಲ. ಕವರಿನ ಕಡೆ ತಿರುಗಿಯೂ ನೋಡಲಿಲ್ಲ. "ಒಂದು ಶಾಫ್ಟ್ ಬೇಕಾಗಿತ್ತು ಸಾಹೇಬ್ರೆ. ಹಳೇದು ಬೆಂಡಾಗೈತೆ. ಒಕ್ಕಣೆ ನಿಂತೈತೆ."

"ಹೆಂಗೆ ಬೆಂಡಾಯ್ತು? ಅದು ಬೆಂಡಾಗೋ ಮಾಲಲ್ಲ."

"ನಿಲ್ಸಾಕೆ ಅಂತ ಅದಕ್ಕೆ ಹಾರೆ ಅಡ್ಡ ಕೊಟ್ವಿ. ಡ್ರೈವರ್ ಟ್ರ್ಯಾಕ್ಟರ್ ಇಳಿದು ದೂರ ಇದ್ದ. ಒಂದು ಹೆಣ್ಣಾಳು ಸಿಕ್ಕಂಡಿದ್ಲು."

ಲೇಥ್ ಓಡುತ್ತಲೇ ಇತ್ತು. ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅವನ ಮುಖವನ್ನೇ ನೋಡಿದೆ. ಸದಾ ನಗುವ ಆ ದುಂಡು ಮುಖ ಗರ ಬಡಿದ ಹಾಗಿತ್ತು. ತುಟಿ ಮಾತ್ರ ಅಲುಗುತ್ತಿತ್ತು, ಬರುತ್ತಿದ್ದದ್ದು ಬರೀ ಶಾಫ್ಟಿನ ಮಾತು. ಎಷ್ಟು ಉದ್ದ, ಯಾವ ಸೈಜು, ಇವತ್ತೇ ಆಗುತ್ತದಾ.

"ಯಾರು?" ಅಂದೆ.

"ಮಂಜಿ."

ಶಾಫ್ಟ್ ದಾಟುವಾಗ ಸೆರಗು ಕಳಚಿತಂತೆ. ಹಿಡಿದುಕೊಳ್ಳಲು ಕೈ ಹಾಕಿದಳಂತೆ. ಸೆರಗಿನ ಜೊತೆಗೆ ಬಲಗೈ ಹೋಯಿತು. ದಾವಣಗೆರೆಯ ಆಸ್ಪತ್ರೆಗೆ ಇವನೇ ಒಯ್ದಿದ್ದ, ಎರಡು ದಿನ ಅಲ್ಲೇ ಇದ್ದ. ಜೀವಕ್ಕೆ ಭಯವಿಲ್ಲ. ಆದರೆ ಮೊಣಕೈಗಿಂತ ಮೇಲೆ ಕತ್ತರಿಸಿ ಕೈ ತೆಗೆದಿದ್ದರು.

ನನಗೆ ಕೂಗಬೇಕೆನಿಸಿತು. ಇವನ ಕುತ್ತಿಗೆ ಪಟ್ಟಿ ಹಿಡಿದು, ಅವಳ ಕೈ ಹೋಯಿತು ನೀನು ಶಾಫ್ಟ್ ಕೇಳುತ್ತೀಯಲ್ಲ ಅನ್ನಬೇಕೆನಿಸಿತು. ಅಷ್ಟರಲ್ಲಿ ಅವನು ಅಬ್ಬನ ಹತ್ತಿರ ಬಗ್ಗಿ, ಗುಟ್ಟು ಕೇಳುವವನ ಹಾಗೆ ಕೇಳಿದ. "ಸಾಹೇಬ್ರೆ, ತಪ್ಪು ತಿಳ್ಕಬ್ಯಾಡ್ರಿ. ಅವತ್ತು ಆ ಕುಂಬಳಕಾಯಿ ಎಲ್ಲಿ ತಂದಿದ್ರಿ? ಎಳೇದಾಗಿತ್ತೇನೋ, ದೃಷ್ಟಿ ಹೋಗ್ಲಿಲ್ವೇನೋ ಅಂತ ಊರಾಗೆ ಎಲ್ರೂ ಅಂತಾ ಅವ್ರೆ."

ಅಬ್ಬ ಅವನನ್ನು ನೋಡಿದರು.   ಊರಿಗೆ ಊರೇ ಕೂತು ಯೋಚಿಸಿ, ಬೋಳು ಶಾಫ್ಟನ್ನು ಬಿಟ್ಟು ಕುಂಬಳಕಾಯಿಯನ್ನು ಹಿಡಿದಿತ್ತು.

"ಕುಂಬಳಕಾಯಿ ಬಲಿತಿತ್ತು" ಅಂದರು ಅಬ್ಬ. "ಕವರ್ ಎಲ್ಲೈತೆ?"

"ಕೂಸಿನ ಜೊತೆಗೆ ಅದೂ ಅವ್ಳ ಊರಿನ ಮನೆಗೆ ಹೋಗೈತೆ. ಕೂಸು ಅದ್ರಾಗೇ ಮಲಗಾದು. ಅದನ್ನೂ ಕಿತ್ಕಂಡು ಬರಾಕೆ ನನಗೆ ಮನಸ್ಸು ಬರ್ಲಿಲ್ಲ ಸಾಹೇಬ್ರೆ" ಅಂದ. ಅಲ್ಲಿಗೆ ಅವನ ತಾಕತ್ತು ಮುಗಿಯಿತು. ಕಬ್ಬಿಣದ ತುಂಡುಗಳ ರಾಶಿಯ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತ.

ಅಬ್ಬ ಹೊಸ ಶಾಫ್ಟ್ ಕೊಟ್ಟರು. ಕೊಡುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬಾಯಿಗೆ ಬಂದದ್ದು ಅಂದೆ. ಅವರು ವೆಲ್ಡಿಂಗ್ ಸೆಟ್ಟನ್ನು ಗಾಡಿಗೆ ಹೇರಿಸಿ ತಾವೇ ಹೊಲಕ್ಕೆ ಹೋದರು. ಹೊಸ ಕವರನ್ನು ಬೋಲ್ಟ್ ಹಾಕದೆ ಫ್ರೇಮಿಗೇ ವೆಲ್ಡ್ ಮಾಡಿದರು. ಬಿಚ್ಚದೆಯೇ ಗ್ರೀಸ್ ಹಾಕಲು ಅದರಲ್ಲಿ ಒಂದು ತೂತು ಕೊರೆದರು. ಅದು ನನಗೆ ಹೊಳೆಯಬೇಕಿತ್ತು, ಅವರಿಗೂ ಹೊಳೆಯಬೇಕಿತ್ತು. ಒಂದು ತೂತು, ಅಷ್ಟೇ. ಅದಕ್ಕೆ ಖರ್ಚೇ ಇಲ್ಲ. ಆಮೇಲೆ ನಮ್ಮ ಶೆಡ್ಡಿನಿಂದ ಯಾವ ಮಷೀನೂ ಬೋಳಾಗಿ ಹೋಗಲಿಲ್ಲ. ರೇಟು ಕೇಳಿ ಕೆಲವರು ಊರಿನ ಆ ತುದಿಗೆ ಹೋದರು. ಅಬ್ಬ ತಡೆಯಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಾಗ ಒಂದು ಬೆಳಗ್ಗೆ ಅಬ್ಬ, "ನಡಿ, ಹೋಗಾಣ" ಅಂದರು. ಎಲ್ಲಿಗೆಂದು ನಾನು ಕೇಳಲಿಲ್ಲ. ಹಿರಿಯೂರು ದಾಟಿ ಜವನಗೊಂಡನಹಳ್ಳಿಯ ಕಡೆ ಹೋದೆವು.  ಗಾಡಿಯ ಹಿಂದೆ ಅವರ ಹಳೇ ಕಿಟ್ ಚೀಲ ಸದ್ದು ಮಾಡುತ್ತಿತ್ತು.

ಮಂಜುಳ ಬಾಗಿಲಲ್ಲೇ ಇದ್ದಳು. ನನ್ನನ್ನು ಗುರುತು ಹಿಡಿದು, "ಬರ್ರಿ ಅಕ್ಕ, ಬರ್ರಿ ಸಾಹೇಬ್ರೆ, ಕುಂತ್ಕಳ್ರಿ" ಅಂದಳು. ಗಂಡ ಹಿರಿಯೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ. ಎಡಗೈಯಲ್ಲಿ ಚಾಪೆ ಹಾಸಲು ಹೋದಳು, ಅರ್ಧ ಸುರುಳಿ ಬಿಚ್ಚಿಕೊಳ್ಳಲಿಲ್ಲ. ನಾನು ಬಗ್ಗಿ ಬಿಚ್ಚಿದೆ. ಬಲತೋಳಿನ ಕಡೆ ನೋಡಬಾರದು ಎಂದುಕೊಂಡೆ, ಕಣ್ಣು ಅಲ್ಲಿಗೇ ಹೋಯಿತು.

"ನಂದೇ ತಪ್ಪಕ್ಕ" ಅಂದಳು ಅವಳೇ. "ನೀವು ಸುತ್ಕಂಡು ಹೋಗ್ರಿ ಅಂದಿದ್ರಿ. ಶರ್ಟಾದ್ರೂ ಮೈಮ್ಯಾಲೆ ಇದ್ದಿದ್ರೆ ಸೆರಗು ಕಳಚ್ತಿರ್ಲಿಲ್ಲ."

ನಾನು ಅವತ್ತಿನವರೆಗೆ ಅದನ್ನು ಹಾಗೆ ಜೋಡಿಸಿ ನೋಡಿರಲಿಲ್ಲ. ಶರ್ಟು ಯಾಕೆ ಮೈಮೇಲಿರಲಿಲ್ಲ ಎಂದು ನನಗೆ ಗೊತ್ತಿತ್ತು. ಅಬ್ಬನಿಗೂ ಹೇಳಿದ್ದೆ. ಅಬ್ಬನ ಕಡೆ ತಿರುಗಿದೆ. ಅವರು ಮೂಲೆಯನ್ನು ನೋಡುತ್ತಿದ್ದರು.

ಮೂಲೆಯಲ್ಲಿ ಎರಡು ಇಟ್ಟಿಗೆಗಳ ನಡುವೆ ಹಳದಿ ಕವರ್ ಇತ್ತು. ಅದರ ಮೇಲೆ ಆಯುಧಪೂಜೆಯ ವಿಭೂತಿಯ ಗುರುತು ಇನ್ನೂ ಮಾಸಿರಲಿಲ್ಲ. ಅಂಚಿಗೆ ಅದೇ ನೀಲಿ ಗೀಟಿನ ಶರ್ಟ್. ಒಳಗೆ ಕೂಸು, ಮೊದಲಿಗಿಂತ ದಪ್ಪಗಾಗಿತ್ತು. "ಮನೇಲಿ ಜೋಲಿ ಕಟ್ಟಬೌದಿತ್ತು" ಅಂದಳು ಮಂಜುಳ. "ಒಂದ್ ಕೈಲಿ ಗಂಟು ಹಾಕಾಕೆ ಬರಲ್ಲ. ಇದೇ ವಾಸಿ."

ಅಬ್ಬ ಎದ್ದು ಹೋಗಿ ತೊಟ್ಟಿಲ ಪಕ್ಕ ಕೂತರು. ಶರ್ಟಿನ ಬಟ್ಟೆಯನ್ನು ಮೆಲ್ಲಗೆ ಸರಿಸಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಬ್ಯಾಡ್ರಿ ಸಾಹೇಬ್ರೆ, ಕೈ ಕೊಯ್ಕಂತೀರಿ" ಅಂದಳು ಅವಳು.

ಆಗಲೇ ಕೊಯ್ದಿತ್ತು. ಅವರು ಬೆರಳನ್ನು ಲುಂಗಿಗೆ ಒರೆಸಿಕೊಂಡು, "ಇದನ್ನ ಒಂದ್ ಗಳಿಗೆ ಕೊಡ್ತೀಯಾ ತಾಯಿ? ಅಂಚು ಮಡಿಸಿ ಕೊಡ್ತೀನಿ" ಅಂದರು.

ಮಂಜುಳ ಕೂಸನ್ನು ನೋಡಿ ಹಿಂಜರಿದಳು. "ಈಗ ಮಲಗೈತೆ" ಅಂದಳು.

ಅಬ್ಬ ಕಾದರು. ಸುಗ್ಗಿಯಲ್ಲಿ ಗಿರಾಕಿಗೆ ಒಂದು ಗಳಿಗೆ ಕಾಯದ, ಊಟಕ್ಕೆ ಅಮ್ಮಿಗಾಗಿಯೂ ಕಾಯದ ಮನುಷ್ಯ, ಆ ಮನೆಯ ಹೊಸ್ತಿಲ ಮೇಲೆ ಕೈಕಟ್ಟಿ ಕೂತು ಕೂಸು ಏಳುವವರೆಗೆ ಕಾದರು. ನೆರಳು ಜಗುಲಿಯಿಂದ ಅಂಗಳಕ್ಕೆ ಇಳಿಯಿತು. ಕೊನೆಗೆ ಕೂಸು ಎದ್ದು ಅತ್ತಿತು. ನಾನು ಎತ್ತಿ ಮಂಜುಳಳ ಎಡತೋಳಿಗೆ ಕೊಟ್ಟೆ. ಅಬ್ಬ ಗಂಟು ಬಿಚ್ಚಿ ಶರ್ಟನ್ನು ಕೊಡವಿ, ಮಡಿಸಿ, ಅವಳ ಪಕ್ಕದಲ್ಲಿಟ್ಟರು. ಕವರನ್ನು ಅಂಗಳಕ್ಕೆ ಒಯ್ದು ಕಲ್ಲಿನ ಮೇಲೆ ಹಾಕಿ, ಚೀಲದಿಂದ ಇಕ್ಕಳ, ಸುತ್ತಿಗೆ ತೆಗೆದರು. ಇಷ್ಟಿಷ್ಟೇ ಬಗ್ಗಿಸುತ್ತಾ, ಬಡಿಯುತ್ತಾ ಹೋದರು. ಸದ್ದಿಗೆ ಅಕ್ಕಪಕ್ಕದವರು ಬಂದು ನಿಂತರು. ಕೂಸು ಅಳು ನಿಲ್ಲಿಸಿ ಸುತ್ತಿಗೆಯನ್ನೇ ನೋಡತೊಡಗಿತು.

ಒಂದು ಕಡೆಯ ಅಂಚು ಮುಗಿಯಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಮಂಜುಳ ಹತ್ತಿರ ಬಂದು, ಮಡಿಸಿದ ಅಂಚಿನ ಮೇಲೆ ಬೆರಳಾಡಿಸಿ ನೋಡಿದಳು.

"ಇಷ್ಟೇನಾ?" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು. "ಮೊದ್ಲೇ ಹಿಂಗೆ ಮಾಡಿ ಕೊಡಾಕೆ ಆಗ್ತಿತ್ತಾ ಸಾಹೇಬ್ರೆ?"

ಅಬ್ಬನ ಕೈ ನಿಂತಿತು. ಅವರು ತಲೆ ಎತ್ತಲಿಲ್ಲ.

"ಆಗ್ತಿತ್ತು ತಾಯಿ" ಅಂದರು.

ಆಮೇಲೆ ತಗಡನ್ನು ತಿರುಗಿಸಿ ಹಾಕಿ, ಇನ್ನೊಂದು ಕಡೆಯ ಅಂಚನ್ನು ಮಡಿಸಲು ಶುರು ಮಾಡಿದರು.